ಎತ್ತಿ ಕುಡಿದ ವೈನ್

ಹೊಸನಗರದ ಬೈಕ್ ಶೋರೂಮಿನಲ್ಲಿ ಗಿರಾಕಿಗಳ ದೂರು ಕೇಳಿಸಿಕೊಳ್ಳುವುದು ತೀರ್ಥೇಶನ ಕೆಲಸ. ಕೇಳೀ ಕೇಳೀ ಅವನ ಮುಖ ಹೇಗಾಗಿತ್ತೆಂದರೆ, ನಕ್ಕರೂ ಜನ "ಹುಷಾರಿಲ್ವಾ?" ಎನ್ನುತ್ತಿದ್ದರು. ಇಂಥವನಿಗೆ ನಾಲ್ಕು ಜನರನ್ನು ಕೂರಿಸಿ ವೈನ್ ರುಚಿ ನೋಡಿಸುವ ಹುಚ್ಚು ಹತ್ತಿತು. ವಿದ್ಯೆಯೆಲ್ಲ ಮೊಬೈಲಿನದು; ಕುಡಿದ ಅನುಭವ ಹೇಳಿಕೊಳ್ಳುವಷ್ಟಿಲ್ಲ.

ನಗರದ ಕೋಟೆ ಹತ್ತಿರ ಹೋಂಸ್ಟೇ ನಡೆಸುವ ಗೆಳೆಯ ಯೋಗರಾಜ್ ಹೇಳಿದ್ದ: "ಮೊದ್ಲು ನಿನ್ನ ಮನೇಲಿ ಮಾಡಿ ತೋರ್ಸು. ಚಂದ ಆದ್ರೆ ನಮ್ಮ ಗೆಸ್ಟ್‌ಗಳಿಗೂ ನೀನೇ ಮಾಡ್ಸು."

ಅಷ್ಟಕ್ಕೇ ತೀರ್ಥೇಶ ಮನಸ್ಸಿನಲ್ಲಿ ಶೋರೂಮಿಗೆ ರಾಜೀನಾಮೆ ಕೊಟ್ಟು, ಬೀಳ್ಕೊಡುಗೆಯ ಹಾರವನ್ನೂ ಹಾಕಿಸಿಕೊಂಡಿದ್ದ.

ಭಾನುವಾರ ಮಧ್ಯಾಹ್ನ ಬಾಡಿಗೆ ಮನೆಗೆ ಯೋಗರಾಜ್ ಬಂದ. ಜೊತೆಗೆ ಶೋರೂಮಿನ ಮೆಕ್ಯಾನಿಕ್ ಕಾಂತರಾಜ್, ಕ್ಯಾಶಿನಲ್ಲಿ ಕೂರುವ ಶ್ರಾವ್ಯಾ. ಸಾಗರದಿಂದ ತಂದ ಉದ್ದ ಕಾಲಿನ ಗ್ಲಾಸುಗಳಲ್ಲಿ ಬಸ್ಸಿಳಿಯುವ ಹೊತ್ತಿಗೆ ಒಡೆಯದೆ ಎರಡೇ ಉಳಿದಿದ್ದವು. ಸ್ಟೀಲ್ ಲೋಟ ಸಲ್ಲದೆಂದು ವಿಡಿಯೊ ಹೇಳಿದ್ದರಿಂದ ಮನೆಯ ಲೋಟಗಳನ್ನೆಲ್ಲ ಅವನೇ ಬಚ್ಚಿಟ್ಟಿದ್ದ. ಒಂದು ಗ್ಲಾಸು ಯೋಗರಾಜ್‌ಗೆ, ಇನ್ನೊಂದು ಉಳಿದಿಬ್ಬರಿಗೆ.

"ಮೆಲ್ಲಗೆ ತಿರುಗಿಸಿ. ಘಮ ತಗೊಳ್ಳಿ. ಆಮೇಲೆ ಒಂದೇ ಗುಟುಕು, ಬಾಯಲ್ಲಿ ಆಡಿಸಿ," ಎಂದ.

ಕಾಂತರಾಜ್ ತಿರುಗಿಸಿದ, ಮೂಸಿದ. ಬಳಿಕ ಕತ್ತು ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ತುಟಿಗೆ ತಾಗಿಸದೆ ಮೇಲೆತ್ತಿ, ಗಟಗಟ ಸುರಿದುಕೊಂಡ.

"ಎಂತ ಮಾಡ್ದ್ಯೋ ಮಾರಾಯ!"

"ಮತ್ತೆಂತ? ಇದ್ರಲ್ಲೇ ಶ್ರಾವ್ಯಾ ಮೇಡಂ ಕುಡೀಬೇಕಲ್ಲ. ಎಂಜಲು ಮಾಡಿ ಕೊಡ್ಲಾ?"

ಶ್ರಾವ್ಯಾಳೂ ಎತ್ತಿಯೇ ಕುಡಿದಳು, ಹನಿ ಚೆಲ್ಲಲಿಲ್ಲ.

"ರುಚಿ ಹೇಗಿದೆ?"

"ನಾಲಿಗೆಗೆ ತಾಗ್ಲೇ ಇಲ್ಲ ಸರ್. ಗಂಟಲಿಗೆ ತಂಪಾಯ್ತು."

ಎರಡನೇ ಬಾಟಲಿ ಮೊದಲನೆಯದಕ್ಕಿಂತ ಹೇಗೆ ಬೇರೆ ಎಂದು ತೀರ್ಥೇಶ ಕೇಳಿದ. ಕಾಂತರಾಜ್ ಸ್ವಲ್ಪ ಯೋಚಿಸಿ, "ಇದೂ ಅದೇ ದಾರೀಲಿ ಹೋಯ್ತು," ಎಂದ. ಯೋಗರಾಜ್ ಬಾಟಲಿಯಲ್ಲಿ ಎಷ್ಟುಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದ.

ಕೊನೆಗೆ ತೀರ್ಥೇಶನೇ ತೋರಿಸಲು ಗ್ಲಾಸು ತೆಗೆದುಕೊಂಡ. ತುಟಿಯ ಹತ್ತಿರ ತರುವಾಗ ಮೂವರೂ ಅವನ ತುಟಿಯನ್ನೇ ನೋಡುತ್ತಿದ್ದರು.

"ತುಟಿ ತಾಗ್ಸಿದ್ರೆ ಆ ಗ್ಲಾಸು ನಿಮ್ಗೇ ಆಯ್ತು," ಎಂದಳು ಶ್ರಾವ್ಯಾ.

ವಿಡಿಯೊ ಕಲಿಸಿದ್ದು ಮೂರು ತಿಂಗಳು, ಅಜ್ಜಿ ಕಲಿಸಿದ್ದು ಹದಿನೈದು ವರ್ಷ. ಕೈ ತಾನಾಗಿ ಮೇಲೆದ್ದಿತು. ಅರ್ಧ ವೈನ್ ಮೂಗಿಗೆ ಹೋಯಿತು, ಅರ್ಧ ಬಿಳಿ ಅಂಗಿಗೆ.

"ಮೇಲೆ ನೋಡು, ಮೇಲೆ ನೋಡು!" ಎಂದು ಯೋಗರಾಜ್ ಅವನ ನೆತ್ತಿ ತಟ್ಟಿದ. ಕೆಮ್ಮು ನಿಂತ ಮೇಲೆ ತೀರ್ಥೇಶ ಕಣ್ಣೊರೆಸಿಕೊಂಡು ಕೇಳಿಯೇಬಿಟ್ಟ: "ಹಂಗಾದ್ರೆ, ನಿಮ್ಮ ಹೋಂಸ್ಟೇಲಿ?"

"ವೈನ್ ಬೇಡ ಮಾರಾಯ. ನಮ್ಮಲ್ಲೂ ಹೀಂಗೆ ಖಾಲಿಯಾದ್ರೆ ನಾನು ಹೋಂಸ್ಟೇ ಮಾರ್ಬೇಕು. ಆದ್ರೆ ಭಾನುವಾರ ಬೆಳಗ್ಗೆ ಕಾಫಿ ಕೊಡೋಕೆ ಜನ ಇಲ್ಲ. ಬರ್ತೀಯನಾ?"

ತೀರ್ಥೇಶ ಒದ್ದೆ ಅಂಗಿಯನ್ನು ಮೈಯಿಂದ ಬಿಡಿಸಿಕೊಳ್ಳುತ್ತ ಯೋಚಿಸಿದ.

"ಕಾಫಿ ಘಮದ ಬಗ್ಗೆ ಎರಡು ಮಾತು ಹೇಳ್ಬಹುದಾ?"

"ಬೇಡ. ಕೊಟ್ಟು ಬಾ."

"ಎಷ್ಟೊತ್ತಿಗೆ ಬರ್ಲಿ?" ಎಂದ ತೀರ್ಥೇಶ.