ಪೈಲ್ವಾನನ ಖುರಾಕು

ನನ್ನ ತಮ್ಮ ಸಿದ್ದಾರೂಢ ಲಕ್ಷ್ಮೇಶ್ವರದ ಗರಡಿಯಲ್ಲಿ ಬೆಳೆದ ಪೈಲ್ವಾನ. ಹರೆಯದಲ್ಲಿ ಅವನ ಕುಸ್ತಿ ನೋಡಲು ಡಂಬಳದಿಂದಲೂ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮವ್ವ ಎಮ್ಮೆಯ ಹಾಲನ್ನು ಬೇರೆ ಯಾರಿಗೂ ಹನಿ ಕೊಡದೆ, ಬಾದಾಮಿ ಅರೆದು ಹಾಕಿ, ತಂಬಿಗೆ ತುಂಬ ಅವನಿಗೇ ಕೊಡುತ್ತಿದ್ದಳು. ಅದಕ್ಕೆ ಖುರಾಕು ಅನ್ನುತ್ತಾರೆ. ಪೈಲ್ವಾನನ ಖುರಾಕಿಗೆ ಕಣ್ಣು ಹಾಕಬಾರದು ಎಂಬುದು ನಮ್ಮ ಮನೆಯ ಕಟ್ಟಳೆ.

ತಮ್ಮ ಕುಸ್ತಿ ಬಿಟ್ಟ. ಖುರಾಕು ಅವನನ್ನು ಬಿಡಲಿಲ್ಲ. ಗಂಡ ತೀರಿದ ಮೇಲೆ ನಾನು ತವರಿಗೆ ಬಂದಾಗ ಅವನ ತೋಳು ಇಳಿದಿತ್ತು, ಹೊಟ್ಟೆ ಏರಿತ್ತು. ಆದರೂ ಹಾಲು, ತುಪ್ಪ, ಹೋಳಿಗೆ ಎಲ್ಲ ಮೊದಲು ಅವನ ಮುಂದೆ. ತಮ್ಮನ ಸೊಸೆ ಅನ್ನಪೂರ್ಣ, ಅವಳ ಮಗಳು ಸ್ನೇಹಾ ಕೊನೆಗೆ ಕೂತು ರೊಟ್ಟಿ, ಖಾರ ಉಣ್ಣುತ್ತಿದ್ದರು.

ಅಜ್ಜನ ಪಟ್ಟುಗಳನ್ನೆಲ್ಲ ಕಲಿತವಳು ಈ ಸ್ನೇಹಾ. ಗದಗಿನ ಕುಸ್ತಿ ಹಾಸ್ಟೆಲ್ ಸೇರಬೇಕೆಂಬುದೊಂದೇ ಅವಳ ಆಸೆ. ಹೋದ ವರ್ಷ ಆಯ್ಕೆಗೆಂದು ತಮ್ಮನೂ ನಾನೂ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು.

"ಹುಡುಗಿ ಮೈಯಾಗ ರಕ್ತ ಇಲ್ರಿ, ತೂಕಾನೂ ಸಾಲದು. ಈಗ ಆಡಿಸಾಕ ಆಗಂಗಿಲ್ಲ. ಮುಂದಿನ ವರ್ಷ ಕರಕೊಂಡು ಬರ್ರಿ. ಅದ ಕಡೀ ಅವಕಾಶ, ಆಮ್ಯಾಲ ವಯಸ್ಸು ಮೀರತೈತಿ."

ತಮ್ಮ ಎದ್ದು ನಿಂತ. "ಪೈಲ್ವಾನರ ಮನಿ ನಮ್ದು! ಉಣ್ಣಾಕ ಏನೂ ಕಮ್ಮಿ ಇಲ್ರಿ!" ಅಷ್ಟಕ್ಕೇ ಏದುಸಿರು ಬಂದು ಮತ್ತೆ ಕೂತ.

ಡಾಕ್ಟರಮ್ಮ ಅವನ ಹೊಟ್ಟೆ ನೋಡಿದರು, ಹುಡುಗಿಯ ರಟ್ಟೆ ನೋಡಿದರು. "ಕಮ್ಮಿ ಇಲ್ಲ ಖರೆ, ಅಜ್ಜಾರ. ಆದ್ರ ಎಲ್ಲಾ ಒಂದ ಕಡೆ ಐತಿ."

ನನಗೆ ನಗು ತಡೆಯಲಾಗಲಿಲ್ಲ. ನಾನು ಸಣ್ಣವಳಿದ್ದಾಗ ಬೊಜ್ಜು ಸಾಹುಕಾರರ ಮನೆಯ ರೋಗ, ರಕ್ತ ಇಲ್ಲದ್ದು ಬಡವರ ಮನೆಯ ರೋಗ. ನಡುವೆ ಒಂದು ಓಣಿಯಾದರೂ ಇರುತ್ತಿತ್ತು. ಈಗ ಎರಡೂ ನಮ್ಮ ಪಡಸಾಲೆಯಲ್ಲೇ ಬಂದು ಕೂತಿದ್ದವು.

ಮರುದಿನ ಮುಂಜಾನೆ ಅನ್ನಪೂರ್ಣ ರೂಢಿಯಂತೆ ತಂಬಿಗೆ ತಂದಿಟ್ಟಳು. ತಮ್ಮ ಮುಟ್ಟಲಿಲ್ಲ.

"ಯಾಕ್ರಿ ಮಾವಾರ, ಬಾದಾಮಿ ಕಮ್ಮಿ ಆತೇನ್ರಿ?"

"ನಾ ಯಾವ ಕುಸ್ತಿ ಹಿಡಿಯಾಕ ಹೊಂಟೇನಿ, ಅನ್ನಪೂರ್ಣಾ? ಪೈಲ್ವಾನಗ ಕೊಡು. ಅಲ್ಲಿ ಕಸಾ ಹೊಡಿಯಾಕತ್ತಾಳ ನೋಡು."

ಸ್ನೇಹಾ ಕಸಬರಿಗೆ ಹಿಡಿದೇ ನಿಂತಳು. "ಬ್ಯಾಡಜ್ಜಾ, ಅದು ನಿಂದು."

"ಕುಡಿ ಸುಮ್ನ! ಖುರಾಕು ಅಖಾಡಕ್ಕ ಇಳಿಯೋರ್ದು."

"ಹಂಗಾರ ನಿನಗೇನು ಕೊಡೂದೋ ತಮ್ಮಾ?" ಎಂದೆ ನಾನು.

"ರೊಟ್ಟಿ, ಕಾಳುಪಲ್ಯ, ಮ್ಯಾಲ ನಿನ್ನ ಬೈಗುಳ. ಸಾಕಾತು, ಅಕ್ಕಾ."

ಅಂದಿನಿಂದ ಎಲ್ಲರೂ ಕೂಡಿಯೇ ಉಣ್ಣತೊಡಗಿದೆವು. ಅನ್ನಪೂರ್ಣಳ ತಾಟಿಗೂ ಮೊಸರು, ಸೊಪ್ಪು ಬಂತು. ರಕ್ತ ಹೆಚ್ಚಲೆಂದು ಡಾಕ್ಟರಮ್ಮ ಕೊಟ್ಟಿದ್ದ ಗುಳಿಗೆಯನ್ನು ಸ್ನೇಹಾ ನುಂಗುವ ತನಕ ನಾನು ಎದುರಿಗೇ ನಿಲ್ಲುತ್ತಿದ್ದೆ. ತಮ್ಮ ಅವಳ ಜೊತೆ ಹೊಲದ ದಾರಿಯಲ್ಲಿ ನಡೆಯಲು ಹೊರಟ. ಮೊದಮೊದಲು ಕಂಡ ಕಂಡ ಬೇವಿನ ಮರದ ಕೆಳಗೆಲ್ಲ ಕೂರುತ್ತಿದ್ದ. ಯುಗಾದಿಗೆ ಹೋಳಿಗೆ ಕದ್ದು ತಿಂದು ಮೊಮ್ಮಗಳ ಕೈಗೆ ಸಿಕ್ಕಿಬಿದ್ದದ್ದೂ ಉಂಟು.

ಈ ವರ್ಷ ಅದೇ ಡಾಕ್ಟರಮ್ಮ ಸ್ನೇಹಾಳನ್ನು ತೂಗಿ, ರಕ್ತದ ವರದಿ ನೋಡಿ, "ಇನ್ನ ಆಡವಾ" ಎಂದರು. ಎದುರಿಗಿದ್ದವಳು ಹರ್ತಿ ಊರಿನ ಗಟ್ಟಿ ಹುಡುಗಿ. ಸ್ನೇಹಾ ಅವಳ ಕಾಲಿಗೆ ಕೈ ಹಾಕಿದ್ದು ಕಂಡೆ, ಎತ್ತಿದ್ದು ಕಾಣಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಬೆನ್ನು ನೆಲಕ್ಕೆ ಹತ್ತಿ ಚಿತ್ ಆಗಿದ್ದಳು. ಆಯ್ಕೆಯಾದವರಲ್ಲಿ ಮೊದಲು ಕೂಗಿದ್ದು ನಮ್ಮ ಹುಡುಗಿಯ ಹೆಸರು.

ನಾಳೆ ಅವಳನ್ನು ಹಾಸ್ಟೆಲ್‌ಗೆ ಬಿಡಬೇಕು. ಟ್ರಂಕು ಹೊತ್ತು ಬಸ್ ನಿಲ್ದಾಣದ ತನಕ ತಾನೇ ನಡೆಯುತ್ತೇನೆಂದು ತಮ್ಮನ ಹಟ.

"ದಾರ್ಯಾಗ ಬಿದ್ದಿ ಅಂದ್ರ?" ಎಂದು ಕೇಳಿದೆ.

"ಎತ್ತಾಕ ಮೊಮ್ಮಗಳು ಇದ್ದಾಳಲ್ಲ!"