ಗಿರೀಶ ಫೋನಿಗೆ ಬರುತ್ತಿಲ್ಲ

ಶನಿವಾರ ಜಪಾನಿ ಭಾಷೆಯ ಮೌಖಿಕ ಪರೀಕ್ಷೆ. ಜೋಡಿಯಾಗಿ ಮಾತಾಡಬೇಕು. ನನ್ನ ಜೋಡಿ ಗಿರೀಶ. ಶ್ರೀರಾಂಪುರದ ಅವನ ಮನೆಗೆ ಫೋನ್ ಮಾಡಿದರೆ, ಸ್ನಾನಕ್ಕೆ ಹೋಗಿದ್ದಾನೆ ಅನ್ನುತ್ತಾರೆ ಅವರಮ್ಮ. (ಒಂದೇ ಸಂಜೆ ಮೂರು ಸಲ ಸ್ನಾನವೇ?)

ಶುರುವಾದದ್ದು ಬಸವನಗುಡಿಯ ನಮ್ಮ ಮಹಡಿ ಕ್ಲಾಸಿನಲ್ಲಿ. ಸುಧಾ ಮೇಡಮ್ ಕರ್ಮಣಿ ಪ್ರಯೋಗ ಕಲಿಸುತ್ತಿದ್ದರು. ನಾನು ಎಂದಿನಂತೆ ವಾದಕ್ಕಿಳಿದೆ. ಕನ್ನಡದಲ್ಲಿ ‘ಉದ್ಘಾಟಿಸಲ್ಪಟ್ಟಿತು’ ಅನ್ನುವುದು ಕಟ್ಟಡದ ಗೋಡೆಯ ಕಲ್ಲುಫಲಕ ಮಾತ್ರ, ಮನುಷ್ಯರು ಹಾಗೆ ಮಾತಾಡುತ್ತಾರೆಯೇ? ‘ಅವನು ನನ್ನ ಛತ್ರಿ ಒಯ್ದ’ ಅಂದರೆ ಸಾಲದೇ?

“ಅದು ಅವನು ಮಾಡಿದ್ದಾಯ್ತಪ್ಪ. ನಿನಗೇನಾಯ್ತು?” ಅಂದರು ಮೇಡಮ್.

ಇನ್ನೊಬ್ಬರು ಮಾಡಿದ್ದರಿಂದ ನಾವು ಪಟ್ಟ ಪಾಡನ್ನು ಹೇಳಲು ಜಪಾನಿಯರು ಈ ರೂಪ ಬಳಸುತ್ತಾರಂತೆ. ಅಭ್ಯಾಸವೂ ಹಾಗೇ. ಒಬ್ಬರು ತಮಗೆ ನಿಜವಾಗಿ ಆದದ್ದನ್ನು ಹೇಳಬೇಕು. ಎದುರಿನವರು ‘ತಾಯ್‌ಹೆನ್ ದೆಶ್ತ ನೆ’, ಅಂದರೆ ‘ತುಂಬಾ ಕಷ್ಟ ಆಯ್ತಲ್ವಾ’, ಅನ್ನಬೇಕು. ಅಷ್ಟೇ. ಪ್ರಶ್ನೆ ಕೇಳುವಂತಿಲ್ಲ.

ಒಬ್ಬಳು ಬಸ್ಸಿನಲ್ಲಿ ಕಾಲು ತುಳಿಸಿಕೊಂಡದ್ದನ್ನು ಹೇಳಿದಳು. ಇನ್ನೊಬ್ಬನಿಗೆ ನಾಯಿ ಕಚ್ಚಿತ್ತು. ಗಿರೀಶನ ಸರದಿ ಬಂತು. ಪುಸ್ತಕ ನೋಡದೆ, ನನ್ನನ್ನೂ ನೋಡದೆ ಹೇಳಿದ: “ತೊಮೊದಾಚಿ ನಿ ವರವರೆಮಶ್ತ.” ಸ್ನೇಹಿತ ನಕ್ಕ, ನನಗೆ ನೋವಾಯಿತು ಅಂತ.

ಆ ಸ್ನೇಹಿತ ನಾನೇ. ಹಿಂದಿನ ಭಾನುವಾರ ಕಾಲೇಜಿನ ಡಿಬೇಟ್ ಪ್ರಾಕ್ಟೀಸಿನಲ್ಲಿ, ಜೂನಿಯರ್‌ಗಳ ಎದುರು, ಅವನ ಇಂಗ್ಲಿಷ್ ಉಚ್ಚಾರವನ್ನು ಅಣಕಿಸಿದ್ದೆ. ಎಲ್ಲರೂ ನಕ್ಕರು. “ಇರ್ಲಿ ಬಿಡು ಮಗಾ” ಅಂದಿದ್ದ. ನಾನು ಇರಲಿ ಅಂತಲೇ ಬಿಟ್ಟಿದ್ದೆ.

ಈಗ ಮೂರೇ ಪದ ಹೇಳಿದ್ದರೆ ಮುಗಿಯುತ್ತಿತ್ತು. ನಾನೇನು ಮಾಡಿದೆ? ಆರು ವರ್ಷ ವೇದಿಕೆ ಹತ್ತಿದ ಬಾಯಿ. ಬರೀ ನಾನೊಬ್ಬನೇ ನಕ್ಕೆನಾ, ನೀನೂ ನಗಲಿಲ್ವಾ, ಅವತ್ತೇ ಯಾಕೆ ಹೇಳಲಿಲ್ಲ ಅಂತ ಒಂದೇ ಉಸಿರಿಗೆ ಕೇಳಿದೆ. ಅದೂ ಕನ್ನಡದಲ್ಲಿ. ಮೇಡಮ್ ನನ್ನನ್ನು ತಡೆಯಲು ಕೈ ಎತ್ತಿದರು.

ಗಿರೀಶ ಪುಸ್ತಕ ಮುಚ್ಚಿದ. “ಬಿಡಿ ಮೇಡಮ್. ಅವನು ಗೆದ್ದ ಅಂತ ಬರ್ಕೊಳಿ.”

ನನಗೆ ಗೆಲ್ಲಬೇಕಿರಲಿಲ್ಲ. ಆದರೆ ಎದುರಿಗೆ ಯಾರಾದರೂ ನೋವು ಅಂದ ಕೂಡಲೇ ನನ್ನ ತಲೆ ಪುರಾವೆ ಹುಡುಕುತ್ತದೆ. ಇದು ನನ್ನೊಬ್ಬನ ಕಾಯಿಲೆಯೇ? ನಿಮ್ಮ ಮನೆಯಲ್ಲಿ ಯಾರಾದರೂ ‘ಬೇಜಾರಾಯ್ತು’ ಅಂದರೆ ನೀವು ಮೊದಲು ಹೇಳುವುದೇನು? ‘ನಾನೇನು ಮಾಡ್ದೆ ಈಗ?’ ಅಂತಲೇ ಅಲ್ಲವೇ?

ಪರೀಕ್ಷೆಗೆ ಬೇರೆ ಜೋಡಿ ಕೊಡಿಸುತ್ತೇನೆ ಅಂದಿದ್ದಾರೆ ಮೇಡಮ್. ಬೇಡ ಅಂದಿದ್ದೇನೆ. ದಿನವೂ ಕನ್ನಡಿಯ ಮುಂದೆ ‘ತಾಯ್‌ಹೆನ್ ದೆಶ್ತ ನೆ’ ಅಭ್ಯಾಸ ಮಾಡುತ್ತಿದ್ದೇನೆ.

ಮಲ್ಲೇಶ್ವರದ ನಮ್ಮ ಮನೆಯಿಂದ ಅವನ ಮನೆಗೆ ನಡೆದರೆ ಹದಿನೈದು ನಿಮಿಷ. ನಾನು ಇನ್ನೂ ಯಾಕೆ ಹೋಗಿಲ್ಲ?