ಹೊಸ ಲಿನಕ್ಸ್ ಓದದ ನನ್ನ ಫೈಲು

“ನಿಮ್ಮ ಆ ಹಳೇ ಫೈಲನ್ನ ಈ ಹೊಸ ಲಿನಕ್ಸ್ ಓದೋದೇ ಇಲ್ಲಪ್ಪ. ಸ್ವಲ್ಪ ಏಳಿ, ನಾನಿನ್ನೂ ಬದುಕಿದೀನಿ ಅಂತ ಇವತ್ತೇ ಬ್ಯಾಂಕಿಗೆ ತೋರಿಸ್ಬೇಕು,” ಎಂದರು, ಪಿಂಚಣಿ ಫಾರಂ ಪ್ರಿಂಟ್ ಮಾಡಿಸಲು ಬಂದಿದ್ದ ಹಿರಿಯ ಮೇಡಂ.

ಜರಗನಹಳ್ಳಿಯ ನನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಿಂದಿನ ದಿನ ನಾನೇ, ಅದನ್ನು ನಡೆಸುವ ಲಿನಕ್ಸ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದೆ. ಆನ್ ಮಾಡಿದೊಡನೆ ಪ್ರಿಂಟರ್ ಎಬ್ಬಿಸಲು ನಾನು ಹಳೇ ಫೈಲಿನಲ್ಲಿ ಬರೆದಿಟ್ಟಿದ್ದ ಸಾಲುಗಳು ಕೆಲಸವನ್ನೇ ಮಾಡುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ನನ್ನ ಕೀಬೋರ್ಡನ್ನು ಯಾರಿಗೂ ಕೊಟ್ಟವನಲ್ಲ. ಅಂದು ಎದ್ದು ನಿಂತೆ.

“ಮೊದಲು ನೆಟ್‌ವರ್ಕ್ ಶುರುವಾಗ್ಲಿ, ಆಮೇಲೆ ಪ್ರಿಂಟರ್ ಅಂತ ಈಗ ಬರೆದು ಹೇಳ್ಬೇಕು,” ಎನ್ನುತ್ತ ಅವರು ನನ್ನ ಸಾಲುಗಳನ್ನು ಹೊಸದೊಂದು ಫೈಲಿಗೆ ಸೇರಿಸಿದರು. ಆಫ್ ಮಾಡಿ ಆನ್ ಮಾಡಿದಾಗ ಪ್ರಿಂಟರ್ ತಾನಾಗಿ ಗುರುಗುಟ್ಟಿತು.

ಪ್ರಿಂಟಾದ ಫಾರಂ ಹಿಡಿದು ಬ್ಯಾಂಕಿಗೆ ಹೊರಟ ಅವರಿಗೆ ಇದೆಲ್ಲ ಹೇಗೆ ಗೊತ್ತೆಂದು ಕೇಳಲೂ ತೋಚಲಿಲ್ಲ. ಆ ಹೊಸ ಫೈಲನ್ನು ದಿನಾ ತೆರೆದು ನೋಡುತ್ತೇನೆ. ಅವರು ಸೇರಿಸಿದ ಸಾಲುಗಳು ಇನ್ನೂ ಅರ್ಥವಾಗಿಲ್ಲ, ಅಳಿಸಲು ಧೈರ್ಯವೂ ಇಲ್ಲ.